ಐರಾವತಿ ದಂಡೆಯ ಹಲ್ಲುಗಳು

ಮಾದಾಪುರದ ಹತ್ತಿರ ಎಸ್ಟೇಟಿನ ಕೂಲಿ ಲೈನಿನಲ್ಲಿ ಬೆಳೆದ ಜವರ ಯುದ್ಧದ ಕಾಲದಲ್ಲಿ ತಮ್ಮ ಸಣ್ಣಸ್ವಾಮಿಯನ್ನೂ ಕರೆದುಕೊಂಡು ಬರ್ಮಾಕ್ಕೆ ರಸ್ತೆ ಕೆಲಸಕ್ಕೆ ಹೋದ. ತಾಯಿ ಹುಚ್ಚಮ್ಮ ಬೇಡವೆಂದರೂ, "ಅವನ್ನ ನಾನು ನೋಡ್ಕೋತೀನಿ ಕಣವ್ವ" ಎಂದು ಮಾತು ಕೊಟ್ಟೇ ಹೊರಟಿದ್ದ.

ಐರಾವತಿ ನದಿಯ ಕಣಿವೆಯಲ್ಲಿ ಜಲ್ಲಿ ಅಗೆಯುವಾಗ ಸಣ್ಣಸ್ವಾಮಿಗೆ ಕಲ್ಲಾಗಿಹೋದ ಹಲ್ಲುಗಳು ಸಿಗುತ್ತಿದ್ದವು. ಹೆಚ್ಚಿನವು ಮೂರು ಮೂಲೆಯವು, ಅಂಚು ಗರಗಸದಂತೆ. ಒಂದು ಮಾತ್ರ ಹೆಬ್ಬೆರಳಿಗಿಂತ ದಪ್ಪ. ಅವನ್ನು ತೊಳೆದು ಹೊಗೆಸೊಪ್ಪಿನ ಡಬ್ಬಿಯಲ್ಲಿ ತುಂಬಿಡುವುದು ಅವನಿಗೊಂದು ಹುಚ್ಚು. ಮಳೆಗಾಲದಲ್ಲಿ ಜವರನನ್ನು ಮುಂದಿನ ಕ್ಯಾಂಪಿಗೆ ಕಳಿಸಿದರು. ತಿಂಗಳು ಬಿಟ್ಟು ಮರಳಿದಾಗ ತಮ್ಮ ಜ್ವರದಲ್ಲಿ ತೀರಿಹೋಗಿದ್ದ. ಹೂತಿದ್ದ ದಂಡೆಯನ್ನೂ ಹೊಳೆ ಕೊಚ್ಚಿಕೊಂಡು ಹೋಗಿತ್ತು. ಜವರನ ಕೈಗೆ ಬಂದದ್ದು ಡಬ್ಬಿಯೊಂದೇ.

ಊರಿಗೆ ಬಂದವನ ಬೆನ್ನ ಹಿಂದೆ ಹುಚ್ಚಮ್ಮ ದಾರಿ ನೋಡಿದಳು. "ಸಣ್ಣ ಎಲ್ಲೋ?"

ಜವರ ಡಬ್ಬಿಯನ್ನು ಮುಂದೆ ಚಾಚಿದ. "ಅಲ್ಲೇ ಕೆಲಸ ಸಿಕ್ತು ಕಣವ್ವ. ಬರ್ತಾನೆ. ನಿಂಗೆ ಇದು ಕೊಡು ಅಂದ."

ಆ ಸುಳ್ಳನ್ನು ಎಂಟು ವರ್ಷ ಸಾಕಿದ. ಯಾರಾದರೂ ಜವರನ ಮದುವೆಯ ಮಾತೆತ್ತಿದರೆ ತಾಯಿ "ಸಣ್ಣ ಬರ್ಲಿ" ಎನ್ನುತ್ತಿದ್ದಳು. ಮದುವೆ ಆಗಲೇ ಇಲ್ಲ.

ಐವತ್ತಮೂರನೇ ಇಸವಿಯಲ್ಲಿ ಮಡಿಕೇರಿಯ ಮೇಷ್ಟ್ರು ಉತ್ತಯ್ಯ ಎಸ್ಟೇಟಿನ ನೆಂಟರ ಮನೆಗೆ ಬಂದರು. ಹಳೆಯ ಕಲ್ಲುಗಳೆಂದರೆ ಅವರಿಗೆ ಪ್ರಾಣ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಈ ಹಲ್ಲುಗಳ ಸುದ್ದಿ ಹೇಳಿದ್ದು ಕೇಳಿ ಲೈನಿಗೇ ಬಂದು ಡಬ್ಬಿ ಬಿಚ್ಚಿಸಿದರು.

"ಇವು ಶಾರ್ಕ್ ಮೀನಿನ ಹಲ್ಲು. ಈ ದಪ್ಪದ್ದು ತಿಮಿಂಗಿಲದ್ದೂ ಇರಬಹುದು. ಒಂದು ಕಾಲಕ್ಕೆ ಅಲ್ಲಿ ಸಮುದ್ರ ಇತ್ತು. ಲಕ್ಷಾಂತರ ವರ್ಷದ ಹಿಂದೆ."

"ಸತ್ತು ಅಷ್ಟು ದಿನ ಆದ್ರೂ ಹಲ್ಲು ಉಳೀತದಾ ಸ್ವಾಮಿ?" ಹುಚ್ಚಮ್ಮ ಕೇಳಿದಳು.

"ಮಣ್ಣಲ್ಲಿ ಹೂತುಹೋಗಿದ್ರೆ ಉಳೀತದೆ."

ಆಕೆ ಮಗನ ಕಡೆ ತಿರುಗಿದಳು. "ಸಣ್ಣನ್ನೂ ಅಲ್ಲೇ ಹೂತ್ರೇನೋ?"

ಜವರ ತಲೆ ತಗ್ಗಿಸಿದ. ಮೇಷ್ಟ್ರು ಡಬ್ಬಿ ಕೆಳಗಿಟ್ಟು ಮೆಲ್ಲಗೆ ಹೊರಗೆ ನಡೆದರು.

"ನಂಗೆ ಯಾವತ್ತೋ ಗೊತ್ತಾಗಿತ್ತು. ನಿನ್ನ ಬಾಯಲ್ಲೇ ಬರ್ಲಿ ಅಂತ ಕಾದೆ. ಎಂಟು ವರ್ಷ ನನ್ನ ಅಳೋಕೂ ಬಿಡ್ಲಿಲ್ವಲ್ಲೋ."

ಹುಚ್ಚಮ್ಮ ಸಣ್ಣನಿಗೆ ಎಡೆ ಇಡಬೇಕೆಂದಾಗ ಅವಳ ನೆಂಟರು ಸತ್ತ ದಿನ ಯಾವುದೆಂದು ಕೇಳಿದರು. ದಿನವಿರಲಿ, ಜವರನಿಗೆ ತಿಂಗಳೂ ಸರಿಯಾಗಿ ಗೊತ್ತಿರಲಿಲ್ಲ. ದಿನ ತಿಳಿಯದವರಿಗೆ, ಹಿರಿಯರಿಗೆಲ್ಲ ಎಡೆ ಇಡುವ ಮಾರ್ನಮಿ ಅಮಾವಾಸ್ಯೆಯೇ ಸೈ ಎಂದರು. ಅಂದು ಹುಚ್ಚಮ್ಮ ಯಾರನ್ನೂ ಒಲೆಯ ಹತ್ತಿರ ಬಿಟ್ಟುಕೊಳ್ಳದೆ ಅಡುಗೆ ಮಾಡಿ ಎಲೆ ಹಾಕಿದಳು. ಕೈಮುಗಿಯಲು ಬಂದ ಜವರನಿಗೆ "ನೀನು ಆಚೆಗಿರು" ಎಂದಳು.

ಅವನು ಹೋಗಿ ಜಗಲಿಯ ಮೇಲೆ ಕೂತ. ಒಳಗಿಂದ ತಾಯಿಯ ಅಳು ಕೇಳಿಸತೊಡಗಿತು. ಎದ್ದು ಒಳಗೆ ಹೋಗುವ ಧೈರ್ಯ ಅವನಿಗೆ ಬರಲಿಲ್ಲ.