ನಮ್ಮ ಕೆರೆಯ ಚೆಂದದ ಫೋಟೋಗಳು

ಕೆರೆಯನ್ನು ಮುಚ್ಚಿದವರಿಗಿಂತ, ಅಲ್ಲಿ ಕೆರೆಯೇ ಇರಲಿಲ್ಲವೆಂದು ಬರೆದುಕೊಟ್ಟವರ ಅಪರಾಧ ದೊಡ್ಡದು. ಮೊದಲಿನವರು ನೀರನ್ನು ಕೊಂದರು. ಎರಡನೆಯವರು, ಅಂದರೆ ತಾಲೂಕು ಕಚೇರಿಯಲ್ಲಿ ಕುಳಿತ ನೀವು, ನಮ್ಮ ಬಾಲ್ಯವನ್ನೇ ಸುಳ್ಳೆಂದಿರಿ. ಧಾರವಾಡದ ಅಂಚಿನಲ್ಲಿ, ನಮ್ಮ ಓಣಿಯ ಹಿಂದೆ, ಆ ಕೆರೆ ಇತ್ತು.

ಎಲ್ಲರ ಕೈಯಲ್ಲೂ ಕ್ಯಾಮೆರಾ ಇರದ ಕಾಲವದು. ಫೋಟೋ ಎಂದರೆ ಸ್ಟುಡಿಯೋದಲ್ಲಿ ಮೈ ಬಿಗಿಹಿಡಿದು ನಿಲ್ಲುವುದೆಂದೇ ನಿಮ್ಮಲ್ಲೂ ಹಲವರು ತಿಳಿದಿದ್ದಿರಬಹುದು. ನಾನು ಆರನೆಯ ಇಯತ್ತೆಯಲ್ಲಿದ್ದಾಗ, ದಸರೆಯ ರಜೆಯಲ್ಲಿ, ಚಿತ್ರಕಲೆಯ ಮಾಸ್ತರರಾಗಿದ್ದ ನಮ್ಮ ಕಾಕಾ ಪುಟ್ಟ ಡಿಜಿಟಲ್ ಕ್ಯಾಮೆರಾ ತಂದರು. ಮಳೆ ನಿಂತು ಕೆರೆ ತುಂಬಿತ್ತು. ದಂಡೆಯ ತುಂಬ ಹಸಿ ಜೇಕುಹುಲ್ಲಿನ ವಾಸನೆ. ಓರಗೆಯವರು ಹಂಚಿನ ಚೂರುಗಳನ್ನು ನೀರಿನ ಮೇಲೆ ಪುಟಿಸುತ್ತ ಆಡುತ್ತಿದ್ದರೆ, ನಾನು ಬೆಳಗಾಗುತ್ತಲೇ ಕಾಕಾನ ಬೆನ್ನು ಹತ್ತುತ್ತಿದ್ದೆ.

ನನ್ನ ಮೊದಲ ಚಿತ್ರಗಳೆಲ್ಲ ಮಸುಕು, ಸೊಟ್ಟ.

"ಮೊಣಕೈ ರೆಕ್ಕಿಹಂಗ ಯಾಕ ಎತ್ತೀದಿ? ಹಾರಿ ಹೋಗಾಕಿ ಏನು? ಮೈಗೆ ಹಚ್ಚಿ ಹಿಡಿ," ಎಂದರು ಕಾಕಾ. ಗುಂಡಿಯನ್ನು ಮೊದಲು ಅರ್ಧ ಒತ್ತಿ, ಚಿತ್ರ ನಿಚ್ಚಳವಾದ ಮೇಲೆ ಉಸಿರು ಹಿಡಿದು ಪೂರ್ತಿ ಒತ್ತುವುದನ್ನು ಕಲಿಸಿದರು. ಸೂರ್ಯ ಬೆನ್ನ ಹಿಂದಿರಲಿ, ದೂರದಿಂದ ಜೂಮ್ ಮಾಡದೆ ನಡೆದು ಹತ್ತಿರ ಹೋಗು ಎಂದರು. ಎಲ್ಲಕ್ಕಿಂತ ದೊಡ್ಡ ಪಾಠವೆಂದರೆ, ಒತ್ತುವ ಮೊದಲು ಚೌಕಟ್ಟಿನ ನಾಲ್ಕೂ ಮೂಲೆ ನೋಡಿ, ಬೇಡವಾದದ್ದನ್ನು ಹೊರಗಿಡುವುದು.

"ಆ ಲೈಟಿನ ಕಂಬ ಯಾಕ ಬೇಕ? ಆ ತುಕ್ಕ ಹಿಡದ ಬೋರ್ಡ್ ಯಾಕ? ಕೆರಿ ತಗೀಲಿಕ್ಕೆ ಬಂದೀವೋ, ಬೋರ್ಡ್ ಓದ್ಲಿಕ್ಕೋ?"

ಕೆರೆಯ ಹೆಸರಿದ್ದ ಬೋರ್ಡನ್ನು ಹೊರಗಿಟ್ಟೆ. ಓಣಿಯ ಮನೆಗಳನ್ನು ಹೊರಗಿಟ್ಟೆ. ಉಳಿದದ್ದು ಹಾಲು ಮಾರುತ್ತಿದ್ದ ಗಂಗವ್ವ ಮತ್ತು ನೀರಿನಲ್ಲಿ ಮುಳುಗಿ ಮೂಗಷ್ಟೇ ತೋರುತ್ತಿದ್ದ ಅವಳ ಎಮ್ಮೆಗಳು.

"ಗಂಗವ್ವಾ, ಸ್ವಲ್ಪ ಆಕಡೆ ಸರೀರಿ."

"ಯಾಕವಾ, ನನ್ನ ಎಮ್ಮಿ ಫೋಟೋದಾಗ ಬಂದ್ರ ನಿನ್ನ ಡಬ್ಬಿ ಸೆಗಣಿ ನಾರತೈತೇನ?"

ಕಾಕಾ ಬಿದ್ದು ಬಿದ್ದು ನಕ್ಕರು. ಗಂಗವ್ವ ಬೈಯುತ್ತಲೇ ಎಮ್ಮೆಗಳನ್ನು ಎಬ್ಬಿಸಿದಳು. ನೀರು ತಿಳಿಯಾಗುವವರೆಗೆ ಕಾದು ಒತ್ತಿದೆ: ಮುಗಿಲು, ಜೇಕು, ಎರಡರ ಪಡಿನೆರಳು. ಕಾಕಾ ಬಹಳ ಹೊತ್ತು ನೋಡಿ, "ಛಲೋ ಬಂತು," ಎಂದಷ್ಟೇ ಅಂದರು. ಮನೆಗೆ ಬಂದರೆ ಅವ್ವ ಚುರುಮುರಿಯ ಗಿರ್ಮಿಟ್ಟು ಕಲಸಿದ್ದಳು. ಉಳ್ಳಾಗಡ್ಡಿ ನಾರುವ ಕೈಯಲ್ಲಿ ಕ್ಯಾಮೆರಾ ಮುಟ್ಟಬೇಡವೆಂದು ಗದರಿದಳು. ಕೈ ತೊಳೆದು ಬಂದು, ಕಾರ್ಡು ತುಂಬಿದ್ದರಿಂದ, ಕೆಟ್ಟ ಚಿತ್ರಗಳನ್ನೆಲ್ಲ ಅಳಿಸಿದೆ. ಕಂಬ, ಬೋರ್ಡು, ಮನೆ, ಎಮ್ಮೆಗಳಿದ್ದ ಚಿತ್ರಗಳೇ ಆ ಕೆಟ್ಟ ಚಿತ್ರಗಳು.

ಅನಂತರದ ವರ್ಷಗಳಲ್ಲಿ ಕೆಡವಿದ ಕಟ್ಟಡಗಳ ಕಲ್ಲುಮಣ್ಣು ತುಂಬಿದ ಲಾರಿಗಳು ಬಂದವು. ಕೆರೆ ಹೊಂಡವಾಯಿತು, ಹೊಂಡದ ಬಹುಭಾಗ ನಿವೇಶನಗಳಾಯಿತು. ಹೋಗಲು ದಾರಿಯಿಲ್ಲದ ಮಳೆನೀರು ಈಗ ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಮೊದಲು ನುಗ್ಗುವುದು ಗಂಗವ್ವನ ಮನೆಗೆ. ಕಳೆದ ಮಳೆಗಾಲದಲ್ಲಿ ಆ ಮನೆಯ ಹಿಂಗೋಡೆ ಕುಸಿಯಿತು. ದೂರು ಕೊಟ್ಟರೆ, ಅಲ್ಲಿ ಕೆರೆಯೇ ಇರಲಿಲ್ಲವೆಂದು ನೀವು ಬರೆದುಕೊಟ್ಟಿರಿ. ಅಂದು ಅಳಿಸದೆ ಉಳಿಸಿಕೊಂಡಿದ್ದ ಚಿತ್ರಗಳನ್ನು ಹಿಡಿದು, ಅವಳನ್ನೂ ಕರೆದುಕೊಂಡು, ನಿಮ್ಮ ಕಚೇರಿಗೆ ಬಂದೆ.

ನಿಮ್ಮ ಅಧಿಕಾರಿ ಒಂದೊಂದನ್ನೂ ಮೆಚ್ಚಿ ನೋಡಿದರು. "ಫೋಟೋ ಭಾಳ ಛಲೋ ಬಂದಾವ್ರೀ. ಆದ್ರ ಇದು ಅದ ಕೆರಿ ಅಂತ ಹೆಂಗ ಹೇಳೋದ್ರೀ? ಒಂದ ಕಂಬಿಲ್ಲ, ಬೋರ್ಡಿಲ್ಲ, ಮನಿ ಇಲ್ಲ. ಮುಗದ ಊರಿನ ಕೆರಿನೂ ಹಿಂಗ ಕಾಣತೈತಿ."

"ಸಾಹೇಬ್ರ, ಹಂಗಾದ್ರ ನನ್ನ ಎಮ್ಮಿ ಎಲ್ಲಿ ಬೀಳತಿದ್ದುವ್ರೀ, ನಿಮ್ಮ ಟೇಬಲ್ ಮ್ಯಾಗೇನ?" ಎಂದಳು ಗಂಗವ್ವ.

"ಬಾಯಿಮಾತು ನಡಿಯಂಗಿಲ್ಲಬೇ," ಎಂದು ಅವರು ಚಿತ್ರಗಳನ್ನು ನನ್ನತ್ತ ಸರಿಸಿದರು.

ಕಾಕಾನ ಪಾಠದಲ್ಲಿ ದೋಷವಿರಲಿಲ್ಲ. ಚೆಂದವನ್ನು ಹುಡುಕುತ್ತಿದ್ದ ಮಗುವಿಗೆ, ಮುಂದೊಂದು ದಿನ ಕೆರೆಗೂ ಸಾಕ್ಷಿ ಬೇಕಾದೀತೆಂದು ಯಾರು ಹೇಳಬೇಕಿತ್ತು? ಕೆರೆಯ ಗಡಿಯನ್ನು ಕಾಯುವುದು ಸಂಬಳ ಪಡೆಯುವ ನಿಮ್ಮ ಕೆಲಸವಾಗಿತ್ತು. ನಾನು ಕಳೆದುಕೊಂಡದ್ದು ನೀರನ್ನಷ್ಟೇ ಅಲ್ಲ. ಇಂದು ಯಾವ ಚೆಲುವನ್ನು ಕಂಡರೂ ಮೊದಲು ಬೋರ್ಡನ್ನು ಹುಡುಕುತ್ತೇನೆ, ಕಂಬವನ್ನು ಸೇರಿಸಿಕೊಳ್ಳುತ್ತೇನೆ. ನನ್ನ ಫೋಟೋಗಳೆಲ್ಲ ಪಂಚನಾಮೆಗಳಾಗಿವೆ.

ಉತ್ತರ ಬಂದೀತೆಂಬ ನಂಬಿಕೆ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಈ ಕೆರೆ ನಿಮ್ಮ ನಕ್ಷೆಯಿಂದ ಯಾವಾಗ, ಯಾರ ಸಹಿಯಿಂದ ಕಾಣೆಯಾಯಿತೆಂಬುದನ್ನು ಲಿಖಿತವಾಗಿ ತಿಳಿಸಬೇಕು. ಉಳಿದಿರುವ ಹೊಂಡದ ಮೋಜಣಿಯನ್ನು ಓಣಿಯ ಹಿರಿಯರ ಎದುರಿನಲ್ಲಿ ನಡೆಸಬೇಕು; ಅಲ್ಲಿಯವರೆಗೆ ಒಂದು ಬುಟ್ಟಿ ಮಣ್ಣೂ ಅಲ್ಲಿ ಬೀಳದಂತೆ ತಡೆಯಬೇಕು. ಗಂಗವ್ವನ ಮಾತನ್ನು ಹೇಳಿಕೆಯಾಗಿ ದಾಖಲಿಸಿಕೊಳ್ಳಬೇಕು. ಇದೆಲ್ಲ ಮುಂದಿನ ಮಳೆಗೆ ಮೊದಲೇ ಆಗಬೇಕೆಂದು ವಿನಂತಿ. ಅವಳ ಮನೆಗೆ ಇನ್ನು ಮೂರೇ ಗೋಡೆಗಳಿವೆ.