ಏನೂ ಮಾಡಲ್ಲ, ಬನ್ನಿ

ನಾನು ಸುಳ್ಳುಗಾರನಲ್ಲ. ಆದರೆ "ಏನೂ ಮಾಡಲ್ಲ, ಬನ್ನಿ" ಎಂಬ ಒಂದು ಸುಳ್ಳನ್ನು ಮಾತ್ರ ಎರಡು ವರ್ಷಗಳಿಂದ ದಿನಕ್ಕೊಂದು ಸಲವಾದರೂ ಹೇಳಿದ್ದೇನೆ. ಗೇಟಿನ ಆಚೆ ಯಾರ ತಲೆ ಕಂಡರೂ ನಮ್ಮ ಚಿನ್ನುವನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡು ಈ ಮಾತು ಹೇಳುವುದು ನನ್ನ ಅಭ್ಯಾಸ. ಚಿನ್ನು ಬಿಳಿ ಪಮೇರಿಯನ್. ಸ್ನಾನ ಮಾಡಿಸಿದರೆ ಅರ್ಧ ನಾಯಿಯೂ ಉಳಿಯುವುದಿಲ್ಲ. ಅವಳಿಗೆ ಹೆದರುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು.

ನಮ್ಮ ಕಡೆ ತೋಟದ ಮನೆಗಳಲ್ಲಿ ದೊಡ್ಡ ನಾಯಿಗಳಿಗೆ ಹಗಲೆಲ್ಲ ಗೂಡು, ಗೇಟಿಗೆ "ನಾಯಿ ಇದೆ ಎಚ್ಚರಿಕೆ" ಎಂಬ ಬೋರ್ಡು. ಚಿಕ್ಕ ನಾಯಿಗೆ ಗೂಡೂ ಇಲ್ಲ, ಬೋರ್ಡೂ ಇಲ್ಲ, ಸೋಫಾ ಇದೆ. ದೊಡ್ಡದು ಕಚ್ಚಿದರೆ ಅಪರಾಧ, ಚಿಕ್ಕದು ಕಚ್ಚಿದರೆ ತುಂಟತನ. ಪೋಸ್ಟ್‌ಮ್ಯಾನ್ ಪ್ಯಾಂಟು ಹರಿದಾಗಲೂ ನಾನು "ಇಷ್ಟುದ್ದ ಇದ್ದಾಳೆ, ಧೈರ್ಯ ನೋಡಿ!" ಎಂದು ಅವರೆದುರೇ ಹೊಗಳಿದ್ದೆ. ಅವರು ಆಮೇಲೆ ಕಾಗದಗಳನ್ನು ಗೇಟಿನ ಸಂದಿಯಲ್ಲೇ ಸಿಕ್ಕಿಸಿ ಹೋಗುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ನಾನು ಬಹಳ ಶಿಸ್ತಿನವನು. ಬಂದವರನ್ನು ನೋಡಿ ಅವಳು ಗುರ್ ಎನ್ನಬಾರದು. ಮನೆಗೆ ಬಂದವರಿಗೆ ಮೊದಲು ಕಾಫಿ ಕೊಡುವ ಸೀಮೆ ನಮ್ಮದು, ಅಂಥಲ್ಲಿ ಗುರ್ ಎಂದರೆ ಮರ್ಯಾದೆಯ ಪ್ರಶ್ನೆ. ಗುರ್ ಎಂದಾಗಲೆಲ್ಲ ಮೂತಿಗೆ ಒಂದು ತಟ್ಟಿದೆ. ಕೆಲವೇ ತಿಂಗಳಲ್ಲಿ ಗುರ್ ನಿಂತೇ ಹೋಯಿತು. ತರಬೇತಿ ಎಂದರೆ ಹೀಗಿರಬೇಕು ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದೆ.

ಆಗ ಕರಿಮೆಣಸಿನ ಕೊಯ್ಲು ಶುರುವಾಯಿತು. ಮೆಣಸಿನ ಬಳ್ಳಿ ಹಬ್ಬಿದ ನಮ್ಮ ಸಿಲ್ವರ್ ಓಕ್ ಮರಗಳಿಗೆ ಏಣಿ ಹಾಕಿ ತುದಿಯ ಗೊಂಚಲಿನವರೆಗೂ ಕೊಯ್ಯಬಲ್ಲವರು ಚಂದ್ರಣ್ಣ ಒಬ್ಬರೇ. ತೋಟಕ್ಕೆ ಆನೆ ಬಂದರೂ ಮೇಲೆಯೇ ಕೂತು ಬೀಡಿ ಸೇದುವ ಮನುಷ್ಯ. ಅಂದು ಅವರು ಬೆನ್ನಿಗೆ ಚೀಲ ಕಟ್ಟಿಕೊಂಡು ಇಳಿಯುತ್ತಿದ್ದರು. ನಾನು ಚಿನ್ನುವನ್ನು ಎತ್ತಿಕೊಂಡು ಏಣಿಯ ಬುಡದಲ್ಲಿ ನಿಂತು ಮೇಲ್ವಿಚಾರಣೆ ಮಾಡುತ್ತಿದ್ದೆ. ಅವರ ಹಿಮ್ಮಡಿ ನನ್ನ ಎದೆಯ ಮಟ್ಟಕ್ಕೆ ಬಂದದ್ದೇ ತಡ, ಚಿನ್ನು ಸದ್ದಿಲ್ಲದೆ ಕಚ್ಚಿ ಹಿಡಿದಳು. ಏಣಿ ಬಿಡುವ ಹಾಗಿಲ್ಲ, ಕಾಲು ಝಾಡಿಸುವ ಹಾಗಿಲ್ಲ. ಅವರು ಬೀಳದೆ ಇಳಿದದ್ದು ಅವರ ಅಭ್ಯಾಸಬಲದಿಂದ, ನನ್ನಿಂದಲ್ಲ.

ಗಾಯವನ್ನು ಸೋಪು ಹಚ್ಚಿ ತೊಳೆದು ಕುಶಾಲನಗರದ ಆಸ್ಪತ್ರೆಗೆ ಕರೆದೊಯ್ದೆ. ದಾರಿಯಲ್ಲಿ ಅವರು ಹೇಳಿದ್ದು ಇಷ್ಟೇ: "ಆನೆ ಬಂದ್ರೆ ಮರದ ಮೇಲೆ ಕೂತ್ಕೋಬಹುದು ಅಣ್ಣ. ಇದಕ್ಕೆ ಹೆದರಿ ಎಲ್ಲಿ ಕೂರ್ಲಿ? ಇಳೀಲೇಬೇಕಲ್ಲ. ನಾಳೆಯಿಂದ ನನ್ನ ಕರೀಬೇಡಿ."

ಬಳ್ಳಿಯಲ್ಲಿ ಮೆಣಸು ಕೆಂಪಾಗಿ ಉದುರತೊಡಗಿತು. ನನಗೆ ನಿಜಕ್ಕೂ ದಿಗಿಲಾಯಿತು. ಹೆಂಡತಿ ಗಿರಿಜೆ ಚಿನ್ನುವನ್ನೂ ನನ್ನನ್ನೂ ಪಶುವೈದ್ಯರ ಬಳಿ ಕರೆದೊಯ್ದಳು. ಅವರು ನಾಯಿಯನ್ನು ಪರೀಕ್ಷಿಸಿದ್ದಕ್ಕಿಂತ ನನ್ನನ್ನು ವಿಚಾರಿಸಿದ್ದೇ ಹೆಚ್ಚು.

"ಗುರ್ ಅನ್ನೋದು ಅದರ ಮಾತು ಸಾರ್. ಭಯ ಆಗ್ತಿದೆ, ಹತ್ರ ಬರಬೇಡಿ ಅಂತ. ನೀವು ಬಾಯಿ ಮುಚ್ಚಿಸಿದ್ರಿ. ಮಾತು ಹೋಯ್ತು, ಹಲ್ಲು ಉಳೀತು."

ಅವರು ಬರೆದುಕೊಟ್ಟದ್ದರಲ್ಲಿ ಚಿನ್ನುವಿಗೆ ಹೇಳಿದ್ದು ಏನೂ ಇರಲಿಲ್ಲ, ಎಲ್ಲ ನನಗೇ. ಯಾರಾದರೂ ಬಂದಾಗ ಎತ್ತಿಕೊಳ್ಳಬಾರದು. ಗುರ್ ಎಂದರೆ ಗದರಬಾರದು, ಬಂದವರು ಹಿಂದೆ ಸರಿಯಬೇಕು. ಹೊಸಬರು ಕೈ ಚಾಚದೆ, ದಿಟ್ಟಿಸದೆ, ದೂರದಿಂದ ತಿಂಡಿಯ ಚೂರು ಎಸೆಯಬೇಕು. ಗೇಟಿನ ಸದ್ದಾದಾಗಲೆಲ್ಲ ನನ್ನ ಕೈ ತಾನಾಗಿ ಅವಳನ್ನು ಎತ್ತಲು ಹೋಗುತ್ತಿತ್ತು, ಅಡುಗೆಮನೆಯಿಂದ "ರೀ, ಕೈ!" ಎಂಬ ಕೂಗು ಬರುತ್ತಿತ್ತು. ಅರವತ್ತು ದಾಟಿದ ಮೇಲೆ ಪಾಠ ತಲೆಗೆ ಹತ್ತುವುದು ನಿಧಾನ.

ಚಂದ್ರಣ್ಣನನ್ನು ಪ್ರತಿ ಚುಚ್ಚುಮದ್ದಿಗೂ ನಾನೇ ಜೀಪಿನಲ್ಲಿ ಕರೆದೊಯ್ಯುತ್ತಿದ್ದೆ. ಕೊನೆಯ ದಿನ ವಾಪಸು ಬರುವಾಗ ಅವರನ್ನು ಗೋಗರೆದು ಮನೆಗೆ ಕರೆತಂದೆ. ಅಂಗಳದಲ್ಲಿ ಚಿನ್ನು ಎಷ್ಟೋ ದಿನಗಳ ಮೇಲೆ ಗುರ್ ಎಂದಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಚಂದ್ರಣ್ಣ ಎರಡು ಹೆಜ್ಜೆ ಹಿಂದೆ ಸರಿದು, ಅಂಗಳದ ಅಂಚಿನಲ್ಲಿ ಮುಖ ಆಚೆ ತಿರುಗಿಸಿ ಕೂತು, ಗಿರಿಜೆ ಕೊಟ್ಟ ಚಪಾತಿಯ ಚೂರುಗಳನ್ನು ಒಂದೊಂದಾಗಿ ಎಸೆದರು. ಬಹಳ ಹೊತ್ತಾದ ಮೇಲೆ ಅವಳು ತಿಂದು, ಅಲ್ಲೇ ಬಿಸಿಲಿಗೆ ಮಲಗಿದಳು.

"ಸರಿ, ನಾಳೆ ಬರ್ತೀನಿ. ಕೆಲಸದ ಹೊತ್ತಲ್ಲಿ ಇವಳು ಒಳಗಿರ್ಲಿ" ಎಂದರು. ನನಗೆ ಹೋದ ಜೀವ ಬಂದಂತಾಯಿತು.

"ನಾಯಿಯ ಮಾತು ನನಗಿಂತ ನಿಮಗೇ ಚೆನ್ನಾಗಿ ಗೊತ್ತಾಗುತ್ತೆ" ಎಂದೆ.

ಚಂದ್ರಣ್ಣ ನಕ್ಕರು. "ಈಗ ನಿಮಗೂ ಕಿವಿ ಬಂದಂಗಿದೆ, ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ. ಏಣಿ ಮೇಲಿಂದ ಮೂರನೇ ಮೆಟ್ಟಿಲು ಅಲ್ಲಾಡ್ತದೆ ಅಣ್ಣ. ಹೋದ ವರ್ಷದಿಂದ ಹೇಳ್ತಾನೇ ಇದ್ದೀನಿ. ನೀವು ಕಾಫಿ ಕುಡೀರಿ ಅಂತ ಮಾತು ತಿರುಗಿಸ್ತೀರಿ."

ಈ ಸಲ ಕಾಫಿಯ ಮಾತು ಬಿಟ್ಟು ಎದ್ದು ಹೋಗಿ, ಗೋಡೆಯ ಬದಿಗೆ ಮಲಗಿಸಿಟ್ಟಿದ್ದ ಏಣಿಯ ಆ ಮೆಟ್ಟಿಲನ್ನು ಹಿಡಿದು ನೋಡಿದೆ. ಕೈಗೇ ಬಂತು.