ಬೆನ್ನಿಗೆ ಆನಿಕೊಂಡ ಬೆನ್ನು

ಆ ರಾತ್ರಿ ನನ್ನ ಹಿಂದೆ ಯಾರೂ ಕೂತಿರಲಿಲ್ಲ. ಇದು ಖರೆ. ಆದರೆ ನಸುಕಿನ ತನಕ ನನ್ನ ಬೆನ್ನಿಗೆ ಒಂದು ಬೆನ್ನು ಆನಿಕೊಂಡಿತ್ತು. ಇದೂ ಖರೆ. ಎರಡೂ ಹೇಗೆ ಖರೆ ಆಗುತ್ತವೆ ಎಂದು ನನ್ನನ್ನು ಕೇಳಬೇಡಿರಿ. ಗೊತ್ತಿದ್ದರೆ ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಿದ್ದೆ.

ದೆವ್ವ, ಗಾಳಿ ಎಂದು ಬಂದವರನ್ನು ನಕ್ಕು ಕಳಿಸಿದವಳು ನಾನು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಕತ್ತಲೆಗೆ ಹೆದರುವುದು ನಾಚಿಕೆಗೇಡು ಎಂದು ನನ್ನ ತಾಯಿ ಹೇಳುತ್ತಿದ್ದಳು. ಅದನ್ನೇ ನಾನು ಓಣಿಗೆಲ್ಲ ಹೇಳುತ್ತ ಬಂದೆ.

ಎಂಬತ್ತನೇ ಇಸವಿಯ ಆಚೀಚೆ, ಎಳ್ಳಮಾವಾಸ್ಯೆಯ ದಿನ. ನಾವು ಇಳಕಲ್ಲಿನಲ್ಲಿ ಮಗ್ಗದ ಮನೆಯವರು. ಮಗಳು ನೀಲವ್ವ ಹೆರಿಗೆಗೆ ಬಂದಿದ್ದಳು. ಎಂಟು ತಿಂಗಳಿಗೇ ಹುಟ್ಟಿದ ಗಂಡುಕೂಸು, ಹದಿನೆಂಟು ದಿನದ್ದು. ಆ ದಿನ ಮಧ್ಯಾಹ್ನದಿಂದ ಮೊಲೆ ಹಿಡಿಯಲಿಲ್ಲ, ಕೈಕಾಲು ತಣ್ಣಗಾದವು. ಸಂಜೆ ನಮ್ಮೂರ ಡಾಕ್ಟರು ನೋಡಿ, “ಇಲ್ಲೇ ಇಟಗೊಂಡು ಕೂಡಬ್ಯಾಡ್ರಿ, ಬಾಗಲಕೋಟಿ ದವಾಖಾನಿಗೆ ಒಯ್ರಿ” ಎಂದರು. ಮನೆಯ ಗಂಡಸರು ಸೀರೆ ಮಾರಲು ಸೊಲ್ಲಾಪುರಕ್ಕೆ ಹೋಗಿದ್ದರು. ಕಡೆಯ ಬಸ್ಸೂ ಹೋಗಿತ್ತು. ನೂಲಿನ ಗಂಟು ಸಾಗಿಸುವ ಹುಸೇನಸಾಬನ ಟೆಂಪೋ ಹತ್ತಿದೆವು.

ಹೊರಡುವ ಹೊತ್ತಿಗೆ ಮಗ್ಗುಲಮನೆಯ ಗಂಗವ್ವ ಓಡಿ ಬಂದು ನೀಲವ್ವನ ಕೈಗೆ ಕುಡುಗೋಲು ಕೊಟ್ಟಳು. ಬಾಣಂತಿಯ ಹತ್ತಿರ ಕಬ್ಬಿಣ ಇದ್ದರೆ ಯಾವ ಗಾಳಿಯೂ ಸುಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಮನೆಯಲ್ಲಾದರೆ ತಲೆದಿಂಬಿನ ಕೆಳಗೆ ಇಡುತ್ತಾರೆ.

“ಅಮಾಸಿ ಐತಿ, ಬಾಣಂತಿನ್ನ ಹಂಗ ಕರಕೊಂಡು ಹೊಂಟಿಯೇನ?” ಎಂದಳು ಗಂಗವ್ವ.

“ಟೆಂಪೋನ ಪೂರಾ ಕಬ್ಬಣ ಐತಿ. ಇನ್ನೆಷ್ಟು ಬೇಕು ನಿನಗ?” ಎಂದೆ. ಆದರೂ ನೀಲವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಅಮೀನಗಡ ದಾಟಿ ಮೂರು ಮೈಲಿ ಹೋಗಿರಬೇಕು. ಗಾಡಿಯ ಕೆಳಗೆ ಏನೋ ಕಟ್ಟನೆ ಮುರಿಯಿತು. ಹುಸೇನಸಾಬ ಇಳಿದು ನೋಡಿ, “ಅಕ್ಕಾರ, ಎಕ್ಸೆಲ್ ಹೋತ್ರಿ. ಇದು ಇನ್ನ ಹೊಂಡಂಗಿಲ್ಲ. ಅಮೀನಗಡದಾಗ ಬ್ಯಾರೆ ಗಾಡಿ ನೋಡಿ ತರ್ತೇನಿ” ಎಂದು ಹಿಂದಕ್ಕೆ ನಡೆದ. ಹಸಿ ಬಾಣಂತಿಯನ್ನು ಅಷ್ಟು ದೂರ ನಡೆಸುವ ಹಾಗಿರಲಿಲ್ಲ. ಅವನು ಹೋದ ಮೇಲೆ ನೆನಪಾಯಿತು, ಕಡ್ಡಿಪೆಟ್ಟಿಗೆ ಅವನ ಜೇಬಿನಲ್ಲೇ ಹೋಗಿತ್ತು. ಬೀಡಿ ಸೇದುವವನ ಬುದ್ಧಿ ಅಷ್ಟೇ.

ಟೆಂಪೋಕ್ಕೆ ಒಂದು ಕಡೆ ಬಾಗಿಲಿರಲಿಲ್ಲ. ಗಾಳಿ ಒಳಗೆ ನುಗ್ಗಿ ತಗಡೆಲ್ಲ ಬರ್ಫದ ಹಾಗೆ ಆಗಿತ್ತು. ನೀಲವ್ವನನ್ನು ಇಳಿಸಿ, ಮಗ್ಗುಲ ಹೊಲದೊಳಗೆ ಒಡ್ಡಿಗೆ ಆನಿಸಿ ಕೂಡಿಸಿದೆ. ಕೂಸನ್ನು ಅವಳ ಕುಪ್ಪಸದೊಳಗೆ ಮೈಗೆ ಮೈ ಹಚ್ಚಿ ಇಟ್ಟು, ಮೇಲೆ ಕೌದಿ ಹೊದಿಸಿದೆ. ಇದ್ದದ್ದು ಅದೊಂದೇ ಕೌದಿ. ನಾನು ಅವಳ ಎದುರಿಗೆ ಕೂತು ತಬ್ಬಿಕೊಂಡೆ. ಗಾಳಿ ಬರುವ ಕಡೆಗೆ ನನ್ನ ಬೆನ್ನು ಗೋಡೆಯ ಹಾಗೆ ಇರಲಿ ಎಂದು.

ಒಂದು ತಾಸಿನಲ್ಲಿ ಬೆನ್ನು ನನ್ನದಲ್ಲ ಅನ್ನಿಸಿತು. ಹಲ್ಲು ಕಟಕಟ ಎನ್ನುತ್ತಿದ್ದವು. ಕೈಯಾಡಿಸಿದರೆ ಕೂಸಿನ ಪಾದ ಹೊಳೆಯ ಹರಳಿನಷ್ಟು ತಣ್ಣಗೆ. ಇದು ಬೆಳಗು ಕಾಣುವುದಿಲ್ಲ ಎಂದು ನನಗೆ ಅನ್ನಿಸಿತು. ನೀಲವ್ವನಿಗೆ ಹೇಳಲಿಲ್ಲ.

ಆಗ ಬೆನ್ನಿಗೆ ಬಡಿಯುವ ಗಾಳಿ ನಿಂತಿತು. ಜೋಳದ ಬೆಳೆ ಸರಸರ ಎನ್ನುವ ಸದ್ದು ಮಾತ್ರ ನಿಲ್ಲಲಿಲ್ಲ. ಯಾರೋ ನನ್ನ ಹಿಂದೆ ಕೂತು, ಸಾವಕಾಶ ತಮ್ಮ ಬೆನ್ನು ನನ್ನ ಬೆನ್ನಿಗೆ ಆನಿಸಿದರು. ಅಗಲವಾದ ಬೆನ್ನು. ಉಸಿರು ಆಡುತ್ತಿತ್ತು. ಆಚೆ ಯಾವುದೋ ಖಾಲಿ ಹೊಲದಲ್ಲಿ ಕುರಿ ನಿಲ್ಲಿಸಿದವರ ಪೈಕಿ ಯಾರೋ ಹೆಂಗಸು ಇರಬೇಕು ಎಂದುಕೊಂಡೆ.

“ಯಾರವ್ವಾ ನೀ? ಕುರಿಹಟ್ಟಿಯಾಕಿ ಏನ?” ಎಂದೆ. “ಬಾಯಿಲ್ಲೇನ ನಿನಗ?”

“ಯಾರ ಕೂಡ ಮಾತಾಡಾಕತ್ತೀ ಯವ್ವಾ?” ಎಂದಳು ನೀಲವ್ವ.

“ನನ್ನ ಹಿಂದ ಕುಂತಾಳಲ್ಲ, ಆಕಿ ಕೂಡ.”

ನೀಲವ್ವ ನನ್ನ ಹೆಗಲ ಮೇಲಿಂದ ಕತ್ತು ಚಾಚಿ, ಕೈಯನ್ನೂ ಆಡಿಸಿದಳು. “ಯಾರೂ ಇಲ್ಲ ಯವ್ವಾ. ಬರೇ ಗಾಳಿ ಐತಿ.” ಕೂಡಲೇ ಸೆರಗಿನಿಂದ ಕುಡುಗೋಲು ತೆಗೆದು ನನ್ನ ಕೈಗೆ ತುರುಕಿದಳು. “ಹಿಂದಕ್ಕ ಹಿಡಿ, ಹಿಡಿ ಯವ್ವಾ! ಹೋಗತೈತಿ!”

ಕುಡುಗೋಲು ಹಿಡಿದುಕೊಂಡು ಕೂತೆ. ನನ್ನ ಬೆನ್ನು ಬೆಚ್ಚಗಾಗಿತ್ತು. ಆ ಬಿಸಿ ಎದೆಗೆ ಇಳಿದು, ಎದೆಯಿಂದ ಕೌದಿಯೊಳಗೆ ಹೋಗುತ್ತಿತ್ತು. ಕೂಸಿನ ಪಾದ ಮುಟ್ಟಿದೆ. ಮೊದಲಿನಷ್ಟು ತಣ್ಣಗಿರಲಿಲ್ಲ.

ಕುಡುಗೋಲನ್ನು ಬೀಸಿ ರಸ್ತೆಯ ಆಚೆಗೆ ಒಗೆದೆ.

“ಹುಚ್ಚು ಹಿಡದೈತೇನ ನಿನಗ!” ಎಂದು ನೀಲವ್ವ ಅತ್ತಳು.

“ಬಾಯಿ ಮುಚ್ಚಿ ಕೂಡು. ಕೂಸು ಬೇಕೋ, ಬ್ಯಾಡೋ?”

ಕಬ್ಬಿಣವನ್ನು ನಂಬದವಳು ಅದನ್ನು ಯಾಕೆ ಒಗೆದೆ ಎಂದು ನೀವು ಕೇಳಬಹುದು. ಬೆನ್ನಿಗೆ ಆನಿಕೊಂಡದ್ದು ಎದ್ದು ಹೋದೀತು ಎಂಬ ಹೆದರಿಕೆಗೆ ಒಗೆದೆ. ಅದೇ ಹೆದರಿಕೆಗೆ ರಾತ್ರಿಯಿಡೀ ಹೊರಳಿ ನೋಡಲಿಲ್ಲ. ನೋಡಿದಾಗ ಯಾರೂ ಇರದಿದ್ದರೆ ಬಿಸಿಯೂ ಇರುವುದಿಲ್ಲ ಎನ್ನಿಸಿತ್ತು. ಒಮ್ಮೆ ನನಗೆ ತೂಕಡಿಕೆ ಬಂದಾಗ ಅದು ಬೆನ್ನಿನಿಂದಲೇ ಮೆಲ್ಲಗೆ ನೂಕಿತು. ಎಚ್ಚರಾದೆ.

ನಸುಕಿನಲ್ಲಿ ಕೂಸು ಚೀರಿತು. ಹಸಿದ ಕೂಸಿನ ಅಳು. ನೀಲವ್ವ ಎದೆ ಕೊಟ್ಟಳು, ಹಿಡಿಯಿತು. ಆಗ ನನ್ನ ಹಿಂದಿದ್ದದ್ದು ಮೊಣಕಾಲು ಊರಿ ಏಳುವ ಮುದುಕಿಯ ಹಾಗೆ ಸಾವಕಾಶ ಎದ್ದಿತು. ಗಾಳಿ ಮತ್ತೆ ಬೆನ್ನಿಗೆ ಬಡಿಯಿತು.

ಥಂಡಿಗೆ ನಿನ್ನ ಮೈ ಜುಮ್ಮುಗಟ್ಟಿತ್ತು, ಕನಸು ಬಿದ್ದಿತ್ತು ಎಂದು ಓದಿದವರು ಹೇಳುತ್ತಾರೆ. ಇರಬಹುದು. ನಾನು ಮೂರನೇ ಇಯತ್ತೆ ಕಲಿತವಳು. ಆದರೆ ಮೈ ಜುಮ್ಮುಗಟ್ಟಿದ ಮುದುಕಿಯ ಎದೆಯಿಂದ ಕೂಸಿಗೆ ಬಿಸಿ ಹೇಗೆ ಹೋಯಿತು ಎಂದು ಕೇಳಿದರೆ ಅವರೂ ಮಾತು ಬದಲಿಸುತ್ತಾರೆ.

ಬೆಳಕು ಹರಿದ ಮೇಲೆ ಹುಸೇನಸಾಬ ಯಾರದೋ ಜೀಪು ತಂದ. “ಹಬ್ಬದ ದಿನಾ ಯಾರೂ ಬಾಗಲಾ ತಗೀಲಿಲ್ರಿ ಅಕ್ಕಾರ” ಎಂದು ಅಳುಮೋರೆ ಮಾಡಿದ. ತಾಯಿ ಮಗುವನ್ನು ಜೀಪಿನಲ್ಲಿ ಕೂಡಿಸಿ ನಾನು ಒಡ್ಡಿಗೆ ತಿರುಗಿ ಬಂದೆ. ನೆಲದ ಮೇಲೆಲ್ಲ ಇಬ್ಬನಿ. ನಾನು ಕೂತಲ್ಲಿ ಒಣಗಿತ್ತು. ಅದರ ಹಿಂದೆ ಇನ್ನೊಬ್ಬರು ಕೂಡುವಷ್ಟು ಜಾಗವೂ ಒಣಗಿತ್ತು. ಹಸಿ ಎರೆಮಣ್ಣಿನಲ್ಲಿ ಹೆಜ್ಜೆ ಮಾತ್ರ ಇರಲಿಲ್ಲ. ಆ ಜಾಗವನ್ನು ಅಂಗೈಯಿಂದ ಮುಟ್ಟಿ ನೋಡಿದೆ. ನೆಲ ಬೆಚ್ಚಗಿತ್ತೋ, ನನ್ನ ಕೈಯೇ ಬೆಚ್ಚಗಿತ್ತೋ, ತಿಳಿಯಲಿಲ್ಲ.

ಹುಸೇನಸಾಬ ಹಾರ್ನ್ ಹೊಡೆಯುತ್ತಿದ್ದ. ನಾನು ರಾತ್ರಿ ಕೂತ ಹಾಗೆಯೇ ಹೊಲಕ್ಕೆ ಬೆನ್ನು ಮಾಡಿ ಮತ್ತೆ ಕೂತೆ. ನೂರರ ತನಕ ಎಣಿಸಿದೆ. ಬರೀ ಗಾಳಿ. ಎದ್ದು, ಸೀರೆ ಕೊಡವಿ, ಹೋಗಿ ಜೀಪು ಹತ್ತಿದೆ.